ನೂರು ಎಲೆಗೆ ಎರಡು ಹಿಡಿ

ನಂಜನಗೂಡು
9 ಜೂನ್ 2024

ಅಣ್ಣನಿಗೆ ಮಾದೇವಿಯ ನಮಸ್ಕಾರ.

ಈ ವಿಷಯವನ್ನು ಫೋನಿನಲ್ಲಿ ಎತ್ತಿದರೆ ನೀನು "ಒಲೆ ಮ್ಯಾಲೆ ಬೇಳೆ ಐತೆ, ಇಡು" ಎಂದು ಕಟ್ ಮಾಡುತ್ತೀಯ. ಅದು ಗೊತ್ತಿದ್ದೇ ಕಾಗದ ಬರೆಯುತ್ತಿದ್ದೇನೆ. ನಾನು ಹಾಸ್ಟೆಲಿನಲ್ಲಿದ್ದಾಗ ವಾರಕ್ಕೊಂದು ಬರೆಯುತ್ತಿದ್ದೆ, ನೀನು ಒಂದಕ್ಕೂ ಉತ್ತರ ತಪ್ಪಿಸಿದವನಲ್ಲ. ಆ ಧೈರ್ಯದ ಮೇಲೆ ಇದು.

ಹೋದ ವಾರ ನಮ್ಮ ಆರೋಗ್ಯ ಇಲಾಖೆಯವರಿಗೆಲ್ಲ ಮೈಸೂರಿನಲ್ಲಿ ಮೂರು ದಿನದ ತರಬೇತಿ ಇತ್ತು. ಜನ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂಬ ಆಹಾರ ಮಾರ್ಗಸೂಚಿ. ಇನ್ನು ಮೇಲೆ ತಾಲ್ಲೂಕಿನ ಊರೂರು ತಿರುಗಿ ನಾನು ಹೇಳಬೇಕಾದದ್ದು ಅದನ್ನೇ. ಅದರಲ್ಲಿ ಉಪ್ಪಿನ ಪಾಠ ಬಂದಾಗ ನನಗೆ ಬೇರೇನೂ ಕೇಳಿಸಲಿಲ್ಲ. ಒಬ್ಬರಿಗೆ ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಟೀ ಚಮಚ. ಕಾಯಿಲೆಯವರಿಗೆ ಮಾತ್ರ ಅಲ್ಲ, ಗಟ್ಟಿಮುಟ್ಟಾಗಿರುವವರಿಗೂ ಅಷ್ಟೇ.

ಅಪ್ಪನಿಗೆ ಲಕ್ವ ಹೊಡೆದಾಗ ಐವತ್ತೆಂಟು. ಅವತ್ತು ಬೆಳಿಗ್ಗೆ ಕೂಡ ಒಂದು ಮದುವೆಯ ಒಲೆ ಹಚ್ಚಿ ಬಂದಿದ್ದರು. ಅವರಿಗೂ ಏನೂ ಕಾಯಿಲೆ ಇರಲಿಲ್ಲ, ಅಥವಾ ಇಲ್ಲ ಎಂದುಕೊಂಡಿದ್ದೆವು. ಎರಡು ವರ್ಷ ಅವರ ಬಾಯಿಗೆ ಗಂಜಿ ಹಾಕಿದವನು ನೀನು, ನಾನು ಪಕ್ಕದಲ್ಲಿ ನಿಂತು ನೋಡಿದವಳು. ನಿನಗೆ ಈ ಕಾರ್ತಿಕಕ್ಕೆ ಐವತ್ತೈದು. ನೀನೂ ಅದೇ ಒಲೆಯ ಮುಂದೆ ನಿಂತಿದ್ದೀಯ, ಅದೇ ಉಪ್ಪಿನಕಾಯಿ ನೆಕ್ಕುತ್ತೀಯ.

ಜೊತೆಯಲ್ಲಿ ಒಂದು ಅಳತೆ ಚಮಚ ಕಳಿಸಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ಅತ್ತಿಗೆ ಇಬ್ಬರ ಪಾಲಿನ ಎರಡು ಚಮಚ ಉಪ್ಪನ್ನು ಒಂದು ಬಟ್ಟಲಿಗೆ ಹಾಕಿಡಲಿ. ರಾತ್ರಿಯವರೆಗೆ ಅಷ್ಟೇ. ಮೊದಲ ಆರು ವಾರ ಕಷ್ಟ. ಆಮೇಲೆ ನಾಲಿಗೆ ತಾನಾಗಿ ಹೊಂದಿಕೊಳ್ಳುತ್ತದೆ, ಹಳೆಯ ಅಡುಗೆಯೇ ಉಪ್ಪು ಜಾಸ್ತಿ ಅನ್ನಿಸಲು ಶುರುವಾಗುತ್ತದೆ ಎಂದು ನಮಗೆ ಹೇಳಿಕೊಟ್ಟಿದ್ದಾರೆ.

ನಗಬೇಡ. ಮಗಳು ಗಾನವಿಗೆ ಇಪ್ಪತ್ತನಾಲ್ಕು ತುಂಬಿತು. ಅವಳ ಮದುವೆಗೆ ಸೌಟು ಹಿಡಿಯುವವನು ನೀನೇ ಎಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿದೆ. ಅಷ್ಟರವರೆಗಾದರೂ ನೀನು ನೆಟ್ಟಗಿರಬೇಕು.

ನಿನ್ನ ತಂಗಿ
ಮಹದೇವಮ್ಮ


ತಿ. ನರಸೀಪುರ
20 ಜೂನ್ 2024

ಪ್ರೀತಿಯ ಮಾದೇವಿಗೆ, ಅಣ್ಣನ ಆಶೀರ್ವಾದ.

ಚಮಚ ಬಂತು. ಇಷ್ಟು ಸಣ್ಣದನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದೀಯಲ್ಲ, ಪೋಸ್ಟಿನವನು ಬಂಗಾರ ಬಂದಿದೆ ಎಂದುಕೊಂಡು ನನ್ನ ಕೈಯಲ್ಲಿ ಎರಡು ಸಹಿ ಹಾಕಿಸಿಕೊಂಡ. ನಿಮ್ಮತ್ತಿಗೆ ಅದನ್ನು ನೋಡಿ, "ಇದ್ರಾಗೆ ಮಗೀಗೆ ಬಜೆ ತೇದು ಕುಡುಸ್ಬೋದು ಕಣ್ರೀ, ಸಾರ್ಗೆ ಉಪ್ಪಾಕಕ್ಕಾದದಾ?" ಎಂದಳು.

ನಾನು ನಕ್ಕೆ, ಸುಳ್ಳು ಹೇಳುವುದಿಲ್ಲ. ಆದರೆ ನೀನು ಅಪ್ಪನ ವಿಷಯ ಬರೆದದ್ದನ್ನು ಓದಿದ ಮೇಲೆ ನಗು ನಿಂತಿತು.

ಒಂದು ಮಾತು ಹೇಳುತ್ತೇನೆ. ನೀನು ಓದಿದವಳು, ನನ್ನ ಕೆಲಸ ನಿನಗೆ ಹೊರಗಿನಿಂದ ಗೊತ್ತು. ಮಠದ ಅಡುಗೆಯಾಗಲಿ ಮದುವೆಯ ಅಡುಗೆಯಾಗಲಿ, ಗುರುಗಳ ಪೂಜೆ ಮುಗಿದು ಮೊದಲ ಎಡೆ ಬಡಿಸುವವರೆಗೆ ನಾವು ರುಚಿ ನೋಡುವ ಹಾಗಿಲ್ಲ. ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿದರೂ ಆ ಕೊಪ್ಪರಿಗೆ ಎಂಜಲು. ಎಲ್ಲ ಕೈಯಲ್ಲೇ. ನೂರು ಎಲೆಯ ಸಾರಿಗೆ ಎರಡು ಹಿಡಿ ಕಲ್ಲುಪ್ಪು, ಬೇಳೆ ನೋಡಿ, ಹುಣಸೆ ನೋಡಿ ಒಂದಿಷ್ಟು ಆಚೆ ಈಚೆ. ಆ ಆಚೆ ಈಚೆಯೇ ಅಡುಗೆ. ಅದನ್ನು ಕೈ ಕಲಿಯುವುದು ಮನೆಯ ಊಟದಲ್ಲಿ. ಅದಕ್ಕೇ ಅಪ್ಪ ಭಾನುವಾರ ಭಾನುವಾರ ಮದುವೆಯ ಸಾರನ್ನೇ ಮನೆಯಲ್ಲಿ ಸಣ್ಣ ತಪ್ಪಲೆಯಲ್ಲಿ ಮಾಡಿಸಿ ನನಗೆ ಉಣ್ಣಿಸುತ್ತಿದ್ದರು. "ಬಾಯ್ಗೆ ನೆಪ್ಪಿದ್ರೆ ಕೈಗೆ ನೆಪ್ಪಿರ್ತದೆ ಕಣ್ಲಾ" ಅನ್ನುತ್ತಿದ್ದರು. ನಾನು ಈಗಲೂ ಹಾಗೇ ಮಾಡುತ್ತೇನೆ.

ಆದರೂ ಆಗಲಿ. ನೀನು ಹೇಳಿದ್ದೀಯ, ಮಾಡುತ್ತೇನೆ. ಇವತ್ತಿನಿಂದ ಬಟ್ಟಲು ಇಟ್ಟಿದ್ದಾಯಿತು. ಭಾನುವಾರದ ಸಾರಿಗೂ ಅದರಲ್ಲೇ. ಗಾನವಿ ಮದುವೆಗೆ ಎಷ್ಟು ಸಾವಿರ ಎಲೆ ಎಂದು ಭಾವನವರನ್ನು ಈಗಲೇ ಕೇಳಿಟ್ಟುಕೋ. ಆಮೇಲೆ ಅವಸರ ಮಾಡಬಾರದು.

ನಿನ್ನ ಅಣ್ಣ
ಸಿದ್ದಮಲ್ಲಪ್ಪ


ನಂಜನಗೂಡು
18 ಆಗಸ್ಟ್ 2024

ಅಣ್ಣ,

ಅತ್ತಿಗೆ ಫೋನಿನಲ್ಲಿ ಹೇಳಿದರು, ಎಂಟು ವಾರದಿಂದ ಒಂದು ದಿನವೂ ಬಟ್ಟಲು ಮೀರಿಲ್ಲವಂತೆ. ಉಪ್ಪಿನಕಾಯಿ ಜಾಡಿಯನ್ನು ಪಕ್ಕದ ಮನೆಯ ಕೆಂಪಾಜಮ್ಮನಿಗೆ ಕೊಟ್ಟುಬಿಟ್ಟೆಯಂತೆ. ನನಗೆ ಎಷ್ಟು ಸಂತೋಷವಾಯಿತು ಎಂದರೆ ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ನಾನು ಊರೂರಲ್ಲಿ ಹೇಳಿದ್ದನ್ನು ಕೇಳಿ, ತಲೆಯಾಡಿಸಿ, ಮನೆಗೆ ಹೋಗಿ ಹಪ್ಪಳ ಕರಿಯುವ ಜನವೇ ಜಾಸ್ತಿ. ಮಾತು ನಡೆಸಿಕೊಟ್ಟವನು ನೀನೊಬ್ಬನೇ.

ಬಿ.ಪಿ. ನೋಡಿಸಿಕೊಂಡೆಯಾ? ನೋಡಿಸಿಕೊಂಡು ಬರೆ. ಜಾಸ್ತಿ ಇದ್ದರೂ ಮುಚ್ಚಿಡಬೇಡ.

ಮಾದೇವಿ


ತಿ. ನರಸೀಪುರ
3 ಅಕ್ಟೋಬರ್ 2024

ಮಾದೇವಿಗೆ ಆಶೀರ್ವಾದ.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಕೆಲಸ ಇತ್ತು ಎಂದು ಬರೆಯೋಣ ಅಂದುಕೊಂಡೆ, ಅಷ್ಟೇನೂ ಇರಲಿಲ್ಲ.

ಬಿ.ಪಿ. ಪರವಾಗಿಲ್ಲ. ಅದರ ಚಿಂತೆ ಬಿಡು.

ನೀನು ಹೇಳಿದ್ದು ನಿಜವಾಯಿತು. ಈಗ ಬಟ್ಟಲಲ್ಲಿ ಉಪ್ಪು ಉಳಿಯುತ್ತದೆ. ಮೊನ್ನೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಒಂದು ವಡೆ ಕಚ್ಚಿದೆ, ಉಪ್ಪಿನ ಹರಳನ್ನೇ ಕಚ್ಚಿದ ಹಾಗಾಯಿತು, ಅರ್ಧಕ್ಕೇ ಬಿಟ್ಟೆ.

ಭಾದ್ರಪದದಲ್ಲಿ ತೀರಿಕೊಂಡವರೊಬ್ಬರ ಗಣಾರಾಧನೆಯ ಅಡುಗೆ ಮಾಡಿದೆ. ಮುನ್ನೂರು ಎಲೆ. ಮೊದಲ ಸಾಲಿನಲ್ಲಿ ಒಬ್ಬರು ಉಪ್ಪು ಕೇಳಿದರು. ಎರಡನೇ ಸಾಲಿನಲ್ಲಿ ನಾಲ್ಕೈದು ಜನ. ಮೂರನೇ ಸಾಲಿಗೆ ಬಡಿಸುವ ಮಾದೇಶ್ ಉಪ್ಪಿನ ಬಟ್ಟಲನ್ನು ಕೆಳಗಿಡಲೇ ಇಲ್ಲ. ಮೂವತ್ತು ವರ್ಷದಲ್ಲಿ ನನ್ನ ಪಂಕ್ತಿಯಲ್ಲಿ ಯಾರೂ ಎರಡನೇ ಸಲ ಉಪ್ಪು ಕೇಳಿದ್ದಿಲ್ಲ. ಕಡೆಗೆ ನಾನೂ ಕೂತು ಉಂಡು ನೋಡಿದೆ, ಸಾರು ಸರಿಯಾಗಿಯೇ ಇತ್ತು. ಈಗಿನವರು ಚಿಪ್ಸು ಕುರುಕಲು ತಿಂದು ತಿಂದು ನಾಲಿಗೆ ಮೊಂಡು ಮಾಡಿಕೊಂಡಿದ್ದಾರೆ ಅನ್ನಿಸುತ್ತದೆ. ಏನಂತೀಯ? ಇದನ್ನು ಕೇಳೋಣ ಎಂದೇ ಬರೆದೆ.

ಸಿದ್ದಮಲ್ಲಪ್ಪ


ನಂಜನಗೂಡು
15 ಅಕ್ಟೋಬರ್ 2024

ಅಣ್ಣ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಏನಂತೀಯ ಎಂದು ಕೇಳಿದ್ದೀಯಲ್ಲ, ಶಭಾಷ್ ಅನ್ನುತ್ತೇನೆ! ಮನೆಯಲ್ಲಿ ಮಾತ್ರವಲ್ಲ, ಪಂಕ್ತಿಯಲ್ಲೂ ಉಪ್ಪು ಇಳಿಸಿದ್ದೀಯ. ಮುನ್ನೂರು ಜನಕ್ಕೆ ನಾನು ಮುನ್ನೂರು ಭಾಷಣ ಮಾಡಿದ್ದರೂ ಆಗದ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮಾಡಿದ್ದೀಯ. ಉಪ್ಪು ಕೇಳಿದವರು ಕೇಳಿಕೊಳ್ಳಲಿ, ಆರು ವಾರದಲ್ಲಿ ಅವರೂ ಹೊಂದಿಕೊಳ್ಳುತ್ತಾರೆ.

ಬಿಳಿಗೆರೆಯ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ನಿನ್ನ ವಿಷಯ ಹೇಳಿದೆ. "ನನ್ನ ಅಣ್ಣ ಸಾವಿರಾರು ಜನಕ್ಕೆ ಅಡುಗೆ ಮಾಡುವವನು, ಅವನೇ ಕಡಿಮೆ ಮಾಡಿದ್ದಾನೆ" ಎಂದೆ. ಚಪ್ಪಾಳೆ ಹೊಡೆದರು.

ಹೀಗೇ ಮಾಡು.

ಮಾದೇವಿ


ನಂಜನಗೂಡು
6 ಜನವರಿ 2025

ಪ್ರೀತಿಯ ಅಣ್ಣನಿಗೆ, ಅತ್ತಿಗೆಗೆ ನಮಸ್ಕಾರಗಳು.

ನಿನ್ನಿಂದ ಕಾಗದ ಬಂದು ಮೂರು ತಿಂಗಳಾಯಿತು. ಮದುವೆ ತಿಂಗಳುಗಳಲ್ಲವೇ, ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ.

ಗಾನವಿಗೆ ಗಂಡು ಗೊತ್ತಾಯಿತು. ಹುಡುಗ ಮದನ್, ಬಿಳಿಗೆರೆ ಕಡೆಯವರು, ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಫೆಬ್ರವರಿ ಹದಿನಾರು, ನಂಜನಗೂಡಿನಲ್ಲೇ ಛತ್ರ. ನೀವಿಬ್ಬರೂ ನಾಲ್ಕು ದಿನ ಮುಂಚೆಯೇ ಬಂದು ಇರಬೇಕು.

ಅಡುಗೆಯ ವಿಷಯ. ಗಂಡಿನ ಕಡೆಯವರು ಮೈಸೂರಿನ ಕೇಟರಿಂಗಿನವರನ್ನು ಹೇಳಿಬಿಟ್ಟಿದ್ದಾರೆ, ಅವರ ಬಳಕೆಯವರಂತೆ. ನಾವೂ ಹೂಂ ಅಂದೆವು. ನೀನು ಸೋದರಮಾವ. ಧಾರೆಯ ಹೊತ್ತಿಗೆ ಪಕ್ಕದಲ್ಲಿರಬೇಕಾದವನು ಒಲೆಯ ಮುಂದೆ ಬೆವರು ಸುರಿಸುತ್ತಾ ನಿಂತರೆ ಚೆನ್ನಾಗಿರುತ್ತದೆಯೇ? ಅದೂ ಅಲ್ಲದೆ ನಿನಗೂ ವಯಸ್ಸಾಯಿತು. ಬೇಜಾರು ಮಾಡಿಕೊಳ್ಳಬೇಡ.

ಮಾದೇವಿ


ತಿ. ನರಸೀಪುರ
13 ಜನವರಿ 2025

ಸೌಭಾಗ್ಯವತಿ ಮಹದೇವಮ್ಮನವರಿಗೆ ಆಶೀರ್ವಾದಗಳು.

ಶುಭ ಸಮಾಚಾರ ತಿಳಿದು ಸಂತೋಷವಾಯಿತು. ಹದಿನೈದನೇ ತಾರೀಕು ಸಂಜೆಯ ಬಸ್ಸಿಗೆ ಬರುತ್ತೇವೆ. ಅಡುಗೆಗೆ ಒಳ್ಳೆಯವರೇ ಸಿಕ್ಕಿದ್ದಾರೆ, ಅನುಮಾನವಿಲ್ಲ.

ಸಿದ್ದಮಲ್ಲಪ್ಪ


ನಂಜನಗೂಡು
9 ಮಾರ್ಚ್ 2025

ಅಣ್ಣ,

ಈ ಕಾಗದವನ್ನು ನಾಲ್ಕು ಸಲ ಹರಿದು ಹಾಕಿ ಐದನೇ ಸಲ ಬರೆಯುತ್ತಿದ್ದೇನೆ. ನನ್ನಿಂದ ದೊಡ್ಡ ತಪ್ಪಾಗಿದೆ.

ಮೊದಲು ನಾನು ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತೇನೆ. ಗಂಡಿನ ಕಡೆಯವರು ಮೈಸೂರಿನವರನ್ನು ತಾವಾಗಿ ಹೇಳಲಿಲ್ಲ. ಮಾತುಕತೆಯ ದಿನ ನಾನು ನಿನ್ನ ಹೆಸರು ಹೇಳಿದೆ. ಮದನನ ದೊಡ್ಡಮ್ಮ ಕಾರ್ತಿಕದಲ್ಲಿ ನಿಮ್ಮ ಕಡೆಯ ಒಂದು ಮದುವೆಗೆ ಬಂದಿದ್ದರಂತೆ. "ಅಯ್ಯೋ, ಆ ಸಪ್ಪೆ ಸಿದ್ದಮಲ್ಲಪ್ಪನ್ ಕೈಲಾ? ಬ್ಯಾಡ ಕಣಮ್ಮಿ, ಬೀಗ್ರು ಎಲೆ ಬುಟ್ಟು ಎದ್ದೋಯ್ತಾರೆ" ಎಂದರು. ಅವರಿಗೆ ನೀನು ನನ್ನ ಅಣ್ಣ ಎಂದು ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ನಗುವವರ ಜೊತೆ ಸುಮ್ಮನೆ ಕೂತಿದ್ದೆ. ಅಣ್ಣನಿಗೆ ವಯಸ್ಸಾಯಿತು, ಕೈ ಹೋಯಿತು ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿಕೊಂಡು ಮೈಸೂರಿನವರಿಗೆ ಮುಂಗಡ ಕಳಿಸಿದೆ. ಏನಾಯಿತು ಅಣ್ಣ ಎಂದು ನಿನ್ನನ್ನು ಒಂದು ಮಾತು ಕೇಳಲಿಲ್ಲ.

ಮದುವೆಯ ದಿನ ನೀನು ಸಾರಿನನ್ನ ಒಂದು ತುತ್ತು ಬಾಯಿಗಿಟ್ಟು, ನೀರು ಕುಡಿದು, ಮಿಕ್ಕದ್ದಕ್ಕೆಲ್ಲ ಮೊಸರು ಸುರಿದುಕೊಂಡೆ. ನಾನು ಕಂಬದ ಪಕ್ಕ ನಿಂತು ನೋಡುತ್ತಿದ್ದೆ. ಇನ್ನೊಬ್ಬರ ಅಡುಗೆ ಎಂದು ಹೊಟ್ಟೆಕಿಚ್ಚು ಪಡುತ್ತಿದ್ದಾನೆ ಎಂದುಕೊಂಡೆ. ಮಗಳ ಮದುವೆಯಲ್ಲಿ ಮುಖ ಗಂಟು ಹಾಕಿಕೊಂಡು ಕೂತಿದ್ದಾನಲ್ಲ ಎಂದು ಸಿಟ್ಟೂ ಬಂತು. ನೀನು ಮೂರು ಗಂಟೆಯ ಬಸ್ಸಿಗೆ ಹೊರಟಾಗ ಬಾಗಿಲವರೆಗೂ ಬರಲಿಲ್ಲ ನಾನು.

ಹೋದ ಭಾನುವಾರ ಅತ್ತಿಗೆ ಮಡಿಲಕ್ಕಿ ಕೊಡಲು ಬಂದಿದ್ದರಲ್ಲ, ಆಗ ಅವರನ್ನು ಚುಚ್ಚಿ ಕೇಳಿದೆ. ಅವರು, "ನಿಮ್ಮಣ್ಣಂಗೆ ಆ ಸಾರು ಉಪ್ಪಾಗಿ ಗಂಟ್ಲಿಗೇ ಇಳೀಲಿಲ್ಲ ಕಣವ್ವ. ನೀನ್ ಕಳ್ಸಿದ್ ಚಮಚ್ದಾಗೇ ಉಣ್ಣೋದು ನಾವು ಇವತ್ತಿಗೂ. ನಮ್ ಮಾದೇವಿ ಹೇಳವ್ಳೆ ಅಂತ ಒಂದಿನಾನೂ ತಪ್ಪುಸ್ನಿಲ್ಲ. ಮಠ್ದೋರು ಕರೆಯೋದ್ ಬುಟ್ಟು ನಾಕ್ ತಿಂಗ್ಳಾಯ್ತು" ಎಂದರು. ಅಳದೆ, ಸಮಾಧಾನವಾಗಿಯೇ ಹೇಳಿದರು.

ಆಗ ಹೊಳೆಯಿತು. ಆರು ವಾರದಲ್ಲಿ ನಾಲಿಗೆ ಬದಲಾಗುತ್ತದೆ ಎಂದು ನೂರು ಊರಲ್ಲಿ ಮೈಕು ಹಿಡಿದು ಹೇಳಿದವಳು ನಾನು. ಬಾಯಿಗೆ ನೆನಪಿದ್ದರೆ ಕೈಗೆ ನೆನಪಿರುತ್ತದೆ ಎಂದು ನೀನು ಮೊದಲ ಕಾಗದದಲ್ಲೇ ಬರೆದಿದ್ದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವ ಬುದ್ಧಿ ನನಗೆ ಬರಲಿಲ್ಲ. ಪಂಕ್ತಿಯಲ್ಲಿ ಉಪ್ಪು ಕೇಳಿದರು ಎಂದು ನೀನು ದಿಗಿಲಾಗಿ ಬರೆದಾಗ ನಾನು ಶಭಾಷ್ ಅಂದೆ. ಸಭೆಯಲ್ಲಿ ಹೇಳಿ ಚಪ್ಪಾಳೆ ಹೊಡೆಸಿಕೊಂಡೆ.

ನಮ್ಮ ಡಾಕ್ಟರನ್ನು ಕೇಳಿದೆ, ಏನೂ ಕಾಯಿಲೆಯಿಲ್ಲದವನಿಗೆ ಇದರಿಂದ ಏನು ಸಿಗುತ್ತದೆ ಸಾರ್ ಎಂದು. ಅವರು ಒಳ್ಳೆಯವರು, ಮುಚ್ಚುಮರೆಯಿಲ್ಲದೆ ಹೇಳಿದರು: "ಸಾವಿರ ಜನ ಕಡಿಮೆ ಮಾಡಿದ್ರೆ ಅದ್ರಲ್ಲಿ ಕೆಲವ್ರು ಲಕ್ವದಿಂದ ಉಳ್ಕೋತಾರಮ್ಮ. ಯಾರು ಉಳ್ಕೊಂಡ್ರು ಅಂತ ಅವ್ರಿಗೂ ಗೊತ್ತಾಗಲ್ಲ, ನಮ್ಗೂ ಗೊತ್ತಾಗಲ್ಲ. ಮಿಕ್ಕೋರಿಗೆ ಏನೂ ಆಗಲ್ಲ." ಮಿಕ್ಕವರಿಗೆ ಏನೂ ಆಗುವುದಿಲ್ಲ ಎಂದಾಗ ನಿನ್ನ ವಿಷಯ ನೆನಪಾಯಿತು.

ಅಪ್ಪನನ್ನು ಉಳಿಸಿಕೊಳ್ಳಲಾಗಲಿಲ್ಲ, ನಿನ್ನನ್ನಾದರೂ ಉಳಿಸಿಕೊಳ್ಳೋಣ ಎಂದು ಹೊರಟೆ. ನಿನ್ನನ್ನು ಪರೀಕ್ಷೆ ಮಾಡಿಸಿ ನೋಡಲಿಲ್ಲ, ನಿನ್ನ ಕೆಲಸ ಏನು ಎಂದು ಯೋಚಿಸಲಿಲ್ಲ. ಊರಿಗೆಲ್ಲ ಹೇಳುವ ಮಾತನ್ನೇ ನಿನಗೂ ಹೇಳಿದೆ.

ಅಣ್ಣ, ಚಮಚವನ್ನು ಎಸೆದುಬಿಡು. ಮೊದಲಿನ ಹಾಗೆ ಉಣ್ಣು. ಯುಗಾದಿಗೆ ಅಳಿಯ ಮೊದಲ ಹಬ್ಬಕ್ಕೆ ಬರುತ್ತಾನೆ, ಬೀಗರೂ ಬರುತ್ತಾರೆ. ನೀನು ಬಂದು ಅಡುಗೆ ಮಾಡು. ನನ್ನ ಅಣ್ಣ ಇವನೇ ಎಂದು ಮದನನ ದೊಡ್ಡಮ್ಮನಿಗೆ ನಾನೇ ಹೇಳುತ್ತೇನೆ.

ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆದಿದ್ದೇನೆ.

ಮಾದೇವಿ


ನಂಜನಗೂಡು
2 ಏಪ್ರಿಲ್ 2025

ಅಣ್ಣ,

ಯುಗಾದಿಗೆ ನೀನು ಬರಲಿಲ್ಲ. ಫೋನ್ ಮಾಡಿದರೆ ಅತ್ತಿಗೆ, "ಕೆಲ್ಸಕ್ಕೋಗವ್ರೆ" ಅನ್ನುತ್ತಾರೆ, ಎಲ್ಲಿ ಎಂದು ಹೇಳುವುದಿಲ್ಲ. ಬೈದಾದರೂ ಎರಡು ಸಾಲು ಬರೆ.

ಮಾದೇವಿ


ತಾಂಡ್ಯ
11 ಮೇ 2025

ಮಾದೇವಿಗೆ ಅಣ್ಣನ ಆಶೀರ್ವಾದ.

ಮೇಲಿನ ಊರಿನ ಹೆಸರು ನೋಡಿ ಗಾಬರಿಯಾಗಬೇಡ. ಮಾರ್ಚ್ ಕೊನೆಯಿಂದ ಇಲ್ಲಿನ ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಅಡುಗೆಗೆ ಸೇರಿದ್ದೇನೆ. ದಿನಾ ಬೆಳಿಗ್ಗೆ ನರಸೀಪುರದಿಂದ ಬಂದು, ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿಯುತ್ತೇನೆ. ಅಲ್ಲಿಂದ ನಿನ್ನ ಆಫೀಸು ಹತ್ತು ಹೆಜ್ಜೆ. ಎರಡು ಸಲ ಗೇಟಿನವರೆಗೂ ಬಂದಿದ್ದೆ. ಒಂದು ಸಲ ನೀನು ಯಾರಿಗೋ ಏನೋ ಹೇಳುತ್ತಾ ಜೀಪು ಹತ್ತಿದೆ. ಕರೆಯಲಿಲ್ಲ.

ಕೋಪ ಇಲ್ಲ ಮಾದೇವಿ. ಕೋಪ ಇದ್ದಿದ್ದರೆ ಬಂದು ಬೈದು, ಕಾಫಿ ಕುಡಿದು ಹೋಗುತ್ತಿದ್ದೆ. ದುಃಖ ಇದೆ, ಅದು ಬೇಗ ಇಳಿಯುವುದಿಲ್ಲ.

ನಾನೂ ಮುಚ್ಚಿಟ್ಟದ್ದು ಉಂಟು. ನೀನು ಬಿ.ಪಿ. ನೋಡಿಸಿಕೋ ಎಂದು ಬರೆದ ವಾರವೇ ಆಸ್ಪತ್ರೆಗೆ ಹೋಗಿದ್ದೆ. ನೂರಾ ಹದಿನೆಂಟು, ಎಪ್ಪತ್ತಾರು. ಇಪ್ಪತ್ತೈದರ ಹುಡುಗನ ಥರ ಇದೆ ಎಂದರು. ಉಪ್ಪು ಬಿಡಬೇಕಾ ಎಂದರೆ, ಆ ಡಾಕ್ಟರಮ್ಮ ನನ್ನ ಕಸುಬು ಕೇಳಿ, "ನೀವು ಅಡ್ಗೆ ಮಾಡೋರು, ಮೊದ್ಲಿನಂಗೇ ಉಣ್ಣಿ ಸಾಮಿ. ವರ್ಷಕ್ಕೊಂದ್ಸಲ ಬಂದು ತೋರ್ಸಿ, ಸಾಕು" ಎಂದರು. ಅದನ್ನು ಬರೆದರೆ ನಿನ್ನ ಉತ್ಸಾಹ ಇಳಿದುಹೋಗುತ್ತದೆ ಎಂದು ಬರೆಯಲಿಲ್ಲ. ಅವತ್ತು ಬರೆದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ. ಆದ್ದರಿಂದ ಪೂರ್ತಿ ತಪ್ಪನ್ನು ನೀನೊಬ್ಬಳೇ ಹೊತ್ತುಕೊಳ್ಳಬೇಡ. ಪಂಕ್ತಿಯಲ್ಲಿ ಉಪ್ಪು ಕೇಳಿದಾಗ ಮುನ್ನೂರು ಜನರ ನಾಲಿಗೆ ಕೆಟ್ಟಿದೆ ಎಂದುಕೊಂಡೆನೇ ಹೊರತು ನನ್ನದೊಂದರ ಮೇಲೆ ಅನುಮಾನ ಬರಲಿಲ್ಲ. ಅಷ್ಟು ಜಂಬ ಇತ್ತು.

ನಾಲಿಗೆ ವಾಪಸ್ ಬಂತು. ನಿನ್ನ ಕಾಗದ ಬಂದ ಮೇಲೆ ನಿಮ್ಮತ್ತಿಗೆ ಬಟ್ಟಲನ್ನು ಎತ್ತಿಟ್ಟಳು. ಮೊದಮೊದಲು ಬಾಯಿ ಉರಿಯುತ್ತಿತ್ತು. ಏಪ್ರಿಲ್ ಕೊನೆಯ ಭಾನುವಾರ ಸಣ್ಣ ತಪ್ಪಲೆಯಲ್ಲಿ ಸಾರು ಮಾಡಿ, ರುಚಿ ನೋಡದೆ ಕೆಂಪಾಜಮ್ಮನಿಗೆ ಒಂದು ಲೋಟ ಕಳಿಸಿದೆ. ಆಕೆ ಖಾಲಿ ಲೋಟ ಹಿಡಿದು ಬಾಗಿಲಲ್ಲಿ ನಿಂತು, "ಇನ್ನೊಂದೀಟು ಬುಡು ಮಲ್ಲಣ್ಣ, ನಿಮ್ಮಪ್ಪನ್ ಕೈ ಇದ್ದಂಗದೆ" ಎಂದಳು. ನಾನು ಒಳಗೆ ಹೋಗಿ ಅತ್ತೆ.

ಕೈ ಬಂತು, ಕರೆಯುವವರು ಬರಲಿಲ್ಲ. ಮಠದಲ್ಲಿ ಬೇರೆಯವರು ನಿಂತುಹೋಗಿದ್ದಾರೆ, ಅವರನ್ನು ಬಿಡಿಸಿ ನನ್ನನ್ನು ಕರೆಯಿರಿ ಎಂದು ಹೇಗೆ ಕೇಳಲಿ? ಮದುವೆ ಮನೆಯವರು ಒಂದು ಸಲ ಹೆದರಿದರೆ ಮುಗಿಯಿತು. ಗಾನವಿ ಮದುವೆಯಂತೂ ಇನ್ನೊಂದು ಸಲ ಆಗುವುದಿಲ್ಲ. ಆ ಹುಡುಗಿ ತುಪ್ಪ ಹಾಕಿಸಿಕೊಂಡು ನನ್ನ ಸಾರು ಉಣ್ಣುವುದನ್ನು ನಾನು ಇಪ್ಪತ್ತನಾಲ್ಕು ವರ್ಷದಿಂದ ಮನಸ್ಸಿನಲ್ಲೇ ನೋಡಿಕೊಂಡು ಬಂದಿದ್ದೆ.

ಇಲ್ಲಿಯ ಕೆಲಸ ಹೇಳುತ್ತೇನೆ. ಮೂರು ಪಾಳಿ ಸೇರಿ ಆರುನೂರು ಜನ. ಅಡುಗೆಮನೆಯ ಗೋಡೆಯ ಮೇಲೆ ಪಟ್ಟಿ ಅಂಟಿಸಿದ್ದಾರೆ, ಅಕ್ಕಿ ಇಷ್ಟು, ಎಣ್ಣೆ ಇಷ್ಟು, ಉಪ್ಪು ಇಷ್ಟು ಗ್ರಾಂ. ಕೈಯಲ್ಲಿ ಹಾಕುವ ಹಾಗಿಲ್ಲ. ಒಂದು ಕಂಪ್ಯೂಟರ್ ತಕ್ಕಡಿ ಇದೆ, ಅದರ ಮೇಲೆ ಬಟ್ಟಲಿಟ್ಟು ತೂಗಿ ಹಾಕಬೇಕು. ಮೊದಲ ದಿನ ನಾನು ಹಿಡಿ ತುಂಬಿಕೊಂಡಾಗ ಸೂಪರ್‌ವೈಸರ್ ಕೈ ಹಿಡಿದು ನಿಲ್ಲಿಸಿದ. ಮೊದಲು ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದರೆ ಅವರದ್ದು ತಪ್ಪಿಲ್ಲ. ಆರುನೂರು ಜನದಲ್ಲಿ ಯಾರಿಗೆ ಬಿ.ಪಿ. ಇದೆ, ಯಾರಿಗೆ ಇಲ್ಲ, ನನಗೆ ಗೊತ್ತಿಲ್ಲ. ಎಷ್ಟೋ ಜನರ ಮುಖವನ್ನೂ ನೋಡಿಲ್ಲ, ತಟ್ಟೆ ಹಿಡಿದ ಕೈ ಮಾತ್ರ ಕಾಣುತ್ತದೆ. ಗುರುತಿಲ್ಲದವರಿಗೆ ಪಟ್ಟಿ ಬೇಕು, ನೀನು ಊರೂರಲ್ಲಿ ಹೇಳುವುದು ಸರಿಯಾಗಿಯೇ ಇದೆ, ನಿಲ್ಲಿಸಬೇಡ. ಆದರೆ ನನ್ನದು ನಿನಗೆ ಗುರುತಿಲ್ಲದ ಮುಖವಾಗಿರಲಿಲ್ಲ. ನನಗೆ ನೋವಾದದ್ದು ಅಷ್ಟೇ. ಹೇಳಬಾರದೆಂದಿದ್ದೆ, ಹೇಳಿದೆ.

ಇನ್ನು ಮೇಲೆ ಗೇಟಿನಲ್ಲಿ ನಿಂತು ವಾಪಸ್ ಹೋಗುವುದಿಲ್ಲ. ನೀನೂ ಒಂದು ದಿನ ಇಲ್ಲಿಗೆ ಬಾ. ಮಧ್ಯಾಹ್ನ ಒಂದು ಗಂಟೆಗೆ ಬಂದು ವಾಚ್‌ಮನ್ ಹತ್ತಿರ ನನ್ನ ಹೆಸರು ಹೇಳು, ಒಳಗೆ ಬಿಡುತ್ತಾನೆ. ಜೊತೆಯಲ್ಲಿ ಕೂತು ಉಣ್ಣೋಣ. ಆದರೆ ನಿನಗೆ ಅಂತ ಬೇರೆ ಸಾರು ಮಾಡಲಾರೆ ಮಾದೇವಿ. ಎಲ್ಲರಿಗೂ ತೂಗಿ ಹಾಕಿದ್ದನ್ನೇ ನಿನಗೂ ಬಡಿಸುತ್ತೇನೆ.

ನಿನ್ನ ಅಣ್ಣ
ಸಿದ್ದಮಲ್ಲಪ್ಪ